ಶಾಲೆಯಲ್ಲಿ ಚಿತ್ರ, ಕತೆ, ಹಾಡಿನ ಗುಂಪು: ಮಕ್ಕಳ ಮನಸ್ಸಿಗೆ ಎಷ್ಟು ಸಹಾಯ?

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿ ಭಾಷಾ ಶಿಕ್ಷಕಿ. ಇತ್ತೀಚೆಗೆ ಮಕ್ಕಳಲ್ಲಿ ಆತಂಕ, ಮಂಕುತನ, ಕ್ಲಾಸಿಗೆ ಬರಲು ಹಿಂಜರಿಕೆ ಜಾಸ್ತಿ ಕಾಣುತ್ತಿದೆ. 13ರಿಂದ 15 ವರ್ಷದವರಿಗೆ ವಾರಕ್ಕೊಮ್ಮೆ ಚಿತ್ರ, ಕತೆ, ಹಾಡು, ನಾಟಕದ ಗುಂಪು ನಡೆಸಿ ಎಂದು ಹೆಡ್ ಮಾಸ್ಟರ್ ನನಗೆ ಹೇಳಿದ್ದಾರೆ. ಅದಕ್ಕೆ ‘ಮಾನಸಿಕ ಆರೋಗ್ಯ ಬಳಗ’ ಎಂದು ಹೆಸರಿಟ್ಟು, ಕ್ಲಾಸ್ ಟೀಚರ್‌ಗಳು ಗುರುತಿಸಿದ ‘ತೊಂದರೆ ಇರುವ’ ಮಕ್ಕಳನ್ನು ಸೇರಿಸಿ, ವರ್ಷದ ಕೊನೆಗೆ ಪ್ರದರ್ಶನ ಮತ್ತು ಬಹುಮಾನ ಇಡುವುದು ಅವರ ಯೋಜನೆ. ನಾನು ಕೌನ್ಸೆಲಿಂಗ್ ಕಲಿತವಳಲ್ಲ. ಇದರಿಂದ ನಿಜವಾಗಿ ಉಪಯೋಗ ಇದೆಯೇ? ಯಾವುದಾದರೂ ಮಗು ಭಯ ಹುಟ್ಟಿಸುವಂಥದ್ದನ್ನು ಬರೆದರೆ ಏನು ಮಾಡಲಿ?

ಉತ್ತರ: ಮೇಡಂ, ಗುಂಪನ್ನು ಖಂಡಿತ ಶುರು ಮಾಡಿ. ಆದರೆ ಈ ಯೋಜನೆಯಲ್ಲಿ ಮೂರು ವಿಷಯ ಬದಲಾಗಲೇಬೇಕು: ಗುಂಪಿನ ಹೆಸರು, ಮಕ್ಕಳನ್ನು ಆರಿಸುವ ರೀತಿ ಮತ್ತು ಬಹುಮಾನ. ಮೂರೂ ಹಾಗೇ ಉಳಿದರೆ ಉಪಯೋಗಕ್ಕಿಂತ ತೊಂದರೆಯೇ ಜಾಸ್ತಿ ಆಗಬಹುದು. ಕೌನ್ಸೆಲಿಂಗ್ ಕಲಿತಿಲ್ಲ ಎಂದು ಹೆದರಬೇಡಿ. ಕಲಿಯದೆ ಕೌನ್ಸೆಲಿಂಗ್ ಮಾಡಲು ಹೊರಟರೆ ಮಾತ್ರ ಕಷ್ಟ.

ವಯಸ್ಸನ್ನು ನೋಡಿದರೆ ನಿಮ್ಮ ಶಾಲೆ ಸರಿಯಾದ ಕಡೆಯೇ ಕೈ ಹಾಕಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 10ರಿಂದ 19 ವರ್ಷದ ಪ್ರತಿ 7 ಮಂದಿಯಲ್ಲಿ ಒಬ್ಬರಿಗೆ ಯಾವುದಾದರೂ ಮಾನಸಿಕ ಕಾಯಿಲೆ ಇರುತ್ತದೆ. 2005ರಲ್ಲಿ ಅಮೆರಿಕದಿಂದ ಬಂದ ದೊಡ್ಡ ಸಮೀಕ್ಷೆಯೊಂದು, ಜೀವನದಲ್ಲಿ ಎಂದಾದರೂ ಕಾಡುವ ಇಂಥ ಕಾಯಿಲೆಗಳಲ್ಲಿ ಅರ್ಧದಷ್ಟು 14ರ ಹೊತ್ತಿಗೇ ಶುರುವಾಗಿರುತ್ತವೆ ಎಂದು ತೋರಿಸಿತು. ನಿಮ್ಮ ಮುಂದೆ ಕೂರುವವರು ಅದೇ ವಯಸ್ಸಿನವರು. ಅವರಲ್ಲಿ ಹೆಚ್ಚಿನವರಿಗೆ ಕಾಯಿಲೆ ಇರುವುದಿಲ್ಲ ಎನ್ನುವುದನ್ನೂ ಇದೇ ಲೆಕ್ಕ ಹೇಳುತ್ತದೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಲೆ ಮನಸ್ಸನ್ನು ಹಗುರ ಮಾಡುತ್ತದೆ ಎನ್ನುವುದು ಹಳೆಯ ಮಾತು. ಏಡ್ರಿಯನ್ ಹಿಲ್ ಎಂಬ ಬ್ರಿಟಿಷ್ ಚಿತ್ರಕಾರ 1938ರಲ್ಲಿ ಕ್ಷಯ ಬಂದು ಸ್ಯಾನಟೋರಿಯಂ ಸೇರಿದ್ದರು. ಹಾಸಿಗೆಯಲ್ಲೇ ಚಿತ್ರ ಬಿಡಿಸುತ್ತಾ ದಿನ ಕಳೆದರು. ತಮಗೆ ಆದ ಉಪಯೋಗ ನೋಡಿ ಅಲ್ಲಿದ್ದ ಬೇರೆ ರೋಗಿಗಳಿಗೂ ಕಲಿಸಿದರು. 1942ರಲ್ಲಿ ಇದಕ್ಕೆ ‘ಆರ್ಟ್ ಥೆರಪಿ’ ಎಂದು ಹೆಸರಿಟ್ಟವರೂ ಅವರೇ. ಈಗ ಅದು ಪ್ರತ್ಯೇಕ ತರಬೇತಿ ಬೇಕಾದ ವೃತ್ತಿ. ನೀವು ನಡೆಸಲು ಹೊರಟಿರುವುದು ಅದಲ್ಲ. ನಿಮ್ಮದು ಮಕ್ಕಳು ಸೇರಿ ಏನಾದರೂ ಮಾಡುವ ಗುಂಪು. ಈ ವ್ಯತ್ಯಾಸ ನಿಮಗೂ ಹೆಡ್ ಮಾಸ್ಟರಿಗೂ ಮೊದಲ ದಿನವೇ ಸ್ಪಷ್ಟವಾಗಿರಲಿ.

ಸಂಶೋಧನೆ ಏನು ಹೇಳುತ್ತದೆ? 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಯುರೋಪ್ ವಿಭಾಗ 3,000ಕ್ಕೂ ಹೆಚ್ಚು ಅಧ್ಯಯನಗಳನ್ನು ನೋಡಿ ಒಂದು ವರದಿ ಕೊಟ್ಟಿತು. ಕಾಯಿಲೆ ತಡೆಯುವುದರಲ್ಲೂ, ಬಂದ ಮೇಲೆ ಅದರ ಜೊತೆ ಬಾಳುವುದರಲ್ಲೂ ಕಲೆಗೆ ಪಾತ್ರ ಇದೆ ಎಂದಿತು. ಆದರೆ ಈ ಕ್ಷೇತ್ರದ ಅಧ್ಯಯನಗಳ ಗುಣಮಟ್ಟ ಒಂದೇ ಸಮ ಇಲ್ಲ. ಒಂದು ಉದಾಹರಣೆ ನೋಡಿ. 2016ರಲ್ಲಿ ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದವರು 39 ವಯಸ್ಕರಿಗೆ ಜೇಡಿಮಣ್ಣು, ಬಣ್ಣದ ಪೆನ್ನು, ಕೊಲಾಜ್ (ಕತ್ತರಿಸಿ ಅಂಟಿಸಿ ಮಾಡುವ ಚಿತ್ರ) ಸಾಮಾನು ಕೊಟ್ಟು 45 ನಿಮಿಷ ಬೇಕಾದ್ದು ಮಾಡಿ ಎಂದರು. ಸುಮಾರು ಮುಕ್ಕಾಲು ಪಾಲು ಜನರ ಎಂಜಲಿನಲ್ಲಿ ಕಾರ್ಟಿಸಾಲ್ ಇಳಿದಿತ್ತು. ದೇಹ ಒತ್ತಡದಲ್ಲಿದ್ದಾಗ ಏರುವ ಹಾರ್ಮೋನ್ ಅದು. ಮೊದಲೇ ಚಿತ್ರ ಬಿಡಿಸಿ ಅಭ್ಯಾಸ ಇದ್ದವರಿಗೂ ಇಲ್ಲದವರಿಗೂ ವ್ಯತ್ಯಾಸ ಕಾಣಲಿಲ್ಲ. ಕೇಳಲು ಚೆನ್ನಾಗಿದೆ. ಆದರೆ ಹೋಲಿಸಿ ನೋಡಲು ಬೇರೊಂದು ಗುಂಪು ಇರಲಿಲ್ಲ. ಸುಮ್ನೆ 45 ನಿಮಿಷ ಕೂತಿದ್ದರೂ ಇಳಿಯುತ್ತಿತ್ತೋ ಏನೋ. ಹಾಗಾಗಿ ‘ಬಣ್ಣ ಹಚ್ಚಿದರೆ ಖಿನ್ನತೆ ಹೋಗುತ್ತದೆ’ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಚಿತ್ರ ಬರದವರಿಗೂ ಇದರಲ್ಲಿ ಜಾಗ ಇದೆ ಎನ್ನುವುದನ್ನು ಮಾತ್ರ ಇಟ್ಟುಕೊಳ್ಳಿ.

ನನಗೆ ಇದಕ್ಕಿಂತ ಮುಖ್ಯ ಅನಿಸುವುದು ಇನ್ನೊಂದು ಅಧ್ಯಯನ. ಆಕ್ಸ್‌ಫರ್ಡ್‌ನ ಸಂಶೋಧಕರು ವಯಸ್ಕರ ಹವ್ಯಾಸದ ತರಗತಿಗಳನ್ನು 7 ತಿಂಗಳು ಗಮನಿಸಿ 2015ರಲ್ಲಿ ಪ್ರಕಟಿಸಿದ್ದು ಇದು. ಕೆಲವು ಗುಂಪುಗಳು ಹಾಡು ಕಲಿಯುತ್ತಿದ್ದವು, ಕೆಲವು ಕರಕುಶಲ ಕೆಲಸ, ಕೆಲವು ಕತೆ ಬರೆಯುವುದು. ಹಾಡುವವರು ಮೊದಲ ತಿಂಗಳಲ್ಲೇ ಒಬ್ಬರಿಗೊಬ್ಬರು ಹತ್ತಿರವಾದರು. ಉಳಿದವರು ನಿಧಾನ. ಆದರೆ 7 ತಿಂಗಳ ಕೊನೆಗೆ ಎಲ್ಲ ಗುಂಪುಗಳಲ್ಲೂ ಹತ್ತಿರದ ಭಾವನೆ ಹೆಚ್ಚುಕಡಿಮೆ ಒಂದೇ ಆಗಿತ್ತು. ಅಂದರೆ ಯಾವ ಕಲೆ ಎನ್ನುವುದಕ್ಕಿಂತ ಅದೇ ಜನ, ಅದೇ ಹೊತ್ತು, ಮತ್ತೆ ಮತ್ತೆ ಸೇರುವುದು ಕೆಲಸ ಮಾಡುತ್ತದೆ. ಮೊದಲ ವಾರಗಳಲ್ಲಿ ಒಟ್ಟಾಗಿ ಹಾಡಿಸಿ, ಇಲ್ಲವೇ ಚಪ್ಪಾಳೆಯಲ್ಲಿ ತಾಳ ಹಾಕಿಸಿ. 14ರ ಹುಡುಗರು ದನಿ ಒಡೆಯುವ ಕಾಲದಲ್ಲಿ ಹಾಡಲು ನಾಚುತ್ತಾರೆ. ತಾಳಕ್ಕೆ ಆ ತೊಂದರೆ ಇಲ್ಲ.

ಗುಂಪು ಚಿಕಿತ್ಸೆಯ ಬಗ್ಗೆ ತುಂಬ ಬರೆದಿರುವ ಮನೋವೈದ್ಯ ಇರ್ವಿನ್ ಯಾಲೊಮ್, ಗುಂಪಿನಿಂದ ಗುಣ ಕಾಣುವುದಕ್ಕೆ 11 ಕಾರಣಗಳನ್ನು ಪಟ್ಟಿ ಮಾಡಿದ್ದಾರೆ. ‘ನನಗೊಬ್ಬನಿಗೇ ಹೀಗಲ್ಲ’ ಎಂದು ಗೊತ್ತಾಗುವುದು ಅದರಲ್ಲೊಂದು. ಈ ವಯಸ್ಸಿನಲ್ಲಿ ಅದಕ್ಕೆ ಬಹಳ ಬೆಲೆ. ಪ್ರತಿಯೊಬ್ಬರಿಗೂ ಉಳಿದವರೆಲ್ಲ ಆರಾಮಾಗಿದ್ದಾರೆ, ತನ್ನ ತಲೆಯೊಳಗೆ ಮಾತ್ರ ಇಷ್ಟು ಗಲಾಟೆ ಎನಿಸುತ್ತಿರುತ್ತದೆ. ಪಕ್ಕದವಳು ಬರೆದ ಕತೆಯಲ್ಲಿ ಅದೇ ಗಲಾಟೆ ಕಂಡರೆ ಸಾಕು. ಯಾರೂ ಏನನ್ನೂ ಒಪ್ಪಿಕೊಳ್ಳಬೇಕಾಗಿಲ್ಲ.

ಎಷ್ಟೋ ಶಾಲೆಗಳು ಎಡವುವುದು ಇಲ್ಲಿಂದ ಮುಂದೆ. ಗುಂಪು ಮಾನಸಿಕ ಆರೋಗ್ಯಕ್ಕಾಗಿ ತಾನೇ, ಹಾಗಾದರೆ ಭಾವನೆಗಳನ್ನು ಹೊರಗೆ ತೆಗೆಸೋಣ ಎಂದು ಹೊರಡುತ್ತಾರೆ. ‘ನಿನ್ನ ದುಃಖವನ್ನು ಚಿತ್ರ ಮಾಡು’, ‘ನಿನಗೆ ನೋವು ಕೊಟ್ಟ ಘಟನೆ ಬರಿ’, ಆಮೇಲೆ ‘ಎಲ್ಲರೆದುರು ಓದು’. ದಯವಿಟ್ಟು ಬೇಡ.

ಬೇಡ ಎನ್ನಲು ಕಾರಣ ಇದೆ. ನೋವಿನ ಅನುಭವ ಬರೆಯುವುದರ ಮೇಲೆ ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್‌ಬೇಕರ್ 1986ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಎಲ್ಲರೂ ಹೊಗಳಿ ಹೇಳುತ್ತಾರೆ. ಕಾಲೇಜು ವಿದ್ಯಾರ್ಥಿಗಳು ಸತತ 4 ದಿನ, ದಿನಕ್ಕೆ 15 ನಿಮಿಷ ಬರೆದರು. ನೋವಿನ ಘಟನೆಯನ್ನು ಭಾವನೆಗಳ ಸಮೇತ ಬರೆದವರು, ಮಾಮೂಲಿ ವಿಷಯ ಬರೆದವರಿಗಿಂತ ಮುಂದಿನ ತಿಂಗಳುಗಳಲ್ಲಿ ಕಾಲೇಜಿನ ಆರೋಗ್ಯ ಕೇಂದ್ರಕ್ಕೆ ಕಡಿಮೆ ಸಲ ಹೋದರು. ಆದರೆ ಬರೆದು ಮುಗಿಸಿದ ಹೊತ್ತಿಗೆ ಅವರ ಮನಸ್ಸು ಮೊದಲಿಗಿಂತ ಕೆಟ್ಟಿತ್ತು. ಅದನ್ನು ಯಾರೂ ಹೇಳುವುದಿಲ್ಲ. ನಿಮ್ಮ ಪೀರಿಯಡ್ ಮುಗಿದು ಬೆಲ್ ಹೊಡೆದ ತಕ್ಷಣ ಮಗು ಗಣಿತದ ಟೆಸ್ಟಿಗೆ ಹೋಗಬೇಕು. ಆ ಕಲಕಿದ ಮನಸ್ಸನ್ನು ಯಾರು ನೋಡಿಕೊಳ್ಳುತ್ತಾರೆ?

ಮನಸ್ಸಿಗೆ ಒಳ್ಳೆಯದು ಎಂದು ಇಡೀ ತರಗತಿಗೆ ಕೊಟ್ಟದ್ದು ಕೆಲವರಿಗೆ ಒಗ್ಗದೇ ಇರಬಹುದು. ಬ್ರಿಟನ್ನಿನಲ್ಲಿ 80ಕ್ಕೂ ಹೆಚ್ಚು ಶಾಲೆಗಳ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದ ಮೈಂಡ್‌ಫುಲ್‌ನೆಸ್ (ಈ ಕ್ಷಣದ ಮೇಲೆ ಗಮನ ಇಡುವ ಅಭ್ಯಾಸ) ಪ್ರಯೋಗದ ಫಲಿತಾಂಶ 2022ರಲ್ಲಿ ಬಂತು. ಶಿಕ್ಷಕರೇ ತರಬೇತಿ ಪಡೆದು ಪಾಠ ಮಾಡಿದ್ದರು. ಮಾಮೂಲಿ ಪಾಠಕ್ಕಿಂತ ಅದರಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಮೊದಲೇ ತೊಂದರೆಯ ಅಂಚಿನಲ್ಲಿದ್ದ ಮಕ್ಕಳಿಗೆ ಕೆಲವು ವಿಷಯಗಳಲ್ಲಿ ಸ್ವಲ್ಪ ಕೆಟ್ಟದ್ದೇ ಆಯಿತು. ಇನ್ನೊಂದು ವಿಷಯ: ಗೆಳತಿಯರು ಕೂತು ಒಂದೇ ಕಷ್ಟವನ್ನು ಮತ್ತೆ ಮತ್ತೆ ಮಾತಾಡಿಕೊಳ್ಳುವುದರ ಬಗ್ಗೆ ಅಮಾಂಡಾ ರೋಸ್ ಎಂಬ ಮನಶ್ಶಾಸ್ತ್ರಜ್ಞೆ 2002ರಲ್ಲಿ ಬರೆದರು. ಇಂಥ ಮಾತು ಜಾಸ್ತಿ ಇದ್ದಲ್ಲಿ ಗೆಳೆತನ ಗಟ್ಟಿಯಾಗಿತ್ತು. ಜೊತೆಗೆ ಆತಂಕ, ಖಿನ್ನತೆಯ ಲಕ್ಷಣಗಳೂ ಜಾಸ್ತಿ ಇದ್ದವು. ನಿಮ್ಮ ಗುಂಪು ವಾರಕ್ಕೊಮ್ಮೆ ಸೇರಿ ಅಳುವ ಗುಂಪಾದರೆ ಮಕ್ಕಳು ಅದನ್ನು ಇಷ್ಟಪಡಬಹುದು, ತಪ್ಪದೆ ಬರಲೂಬಹುದು. ಅಷ್ಟರಿಂದ ಅವರಿಗೆ ಒಳ್ಳೆಯದಾಗುತ್ತಿದೆ ಎಂದು ತಿಳಿಯಬೇಡಿ.

ಹಾಗಾದರೆ ಮಾಡಿಸುವುದು ಏನು? ಮನಸ್ಸಿನ ವಿಷಯ ಬಿಡಿ, ಕೆಲಸ ಕೊಡಿ. ಮನಸ್ಸು ತಾನಾಗಿ ಬರುತ್ತದೆ, ಬರಬೇಕಾದಷ್ಟೇ ಬರುತ್ತದೆ.

ಒಂದು ದಿನಕ್ಕೆ ಈ ಕೆಲಸ ಕೊಟ್ಟು ನೋಡಿ: ‘ಬಸ್ಸಿನಲ್ಲಿ ಯಾರೋ ಮರೆತು ಹೋದ ಕೊಡೆ ಒಂದಿದೆ. ಅದು ಮಾತಾಡುತ್ತದೆ. ಏನು ಹೇಳುತ್ತದೆ ಬರೆಯಿರಿ.’ ಒಬ್ಬ ತಮಾಷೆ ಬರೆಯುತ್ತಾನೆ. ಒಬ್ಬಳ ಕೊಡೆ ಕಂಡಕ್ಟರ್ ಜೊತೆ ಜಗಳ ಆಡುತ್ತದೆ. ಇನ್ನೊಬ್ಬಳ ಕೊಡೆ, ತನ್ನನ್ನು ಬೇಕಂತಲೇ ಬಿಟ್ಟು ಹೋದರೇನೋ ಎಂದು ಯೋಚಿಸುತ್ತಾ ಸೀಟಿನ ಕೆಳಗೆ ಮಲಗಿರುತ್ತದೆ. ಅದನ್ನು ಓದಿದಾಗ ನಿಮಗೆ ಏನೋ ಹೊಳೆಯುತ್ತದೆ, ಅಲ್ವಾ? ‘ಆ ಕೊಡೆ ನೀನೇನಾ?’ ಎಂದು ಮಾತ್ರ ಕೇಳಬೇಡಿ. ಕೇಳಿದರೆ ಮುಂದಿನ ವಾರ ಅವಳು ಏನೂ ಬರೆಯುವುದಿಲ್ಲ. ಕೊಡೆಯ ಬಗ್ಗೆಯೇ ಮಾತಾಡಿ. ‘ಆಮೇಲೆ ಆ ಕೊಡೆಗೆ ಯಾರಾದರೂ ಸಿಗುತ್ತಾರಾ?’ ‘ಅದಕ್ಕೆ ಯಾರ ಜೊತೆ ಹೋಗೋಕೆ ಇಷ್ಟ?’ ಅವಳಿಗೆ ಹೇಳಬೇಕಾದ್ದನ್ನು ಕೊಡೆಯ ಬಾಯಲ್ಲಿ ಹೇಳುತ್ತಾಳೆ. ಬೇಕಾದಾಗ ‘ಅದು ಬರೀ ಕತೆ ಮಿಸ್’ ಎಂದು ಹಿಂದೆ ಸರಿಯುತ್ತಾಳೆ. ಹಾಗೆ ಹಿಂದೆ ಸರಿಯುವ ದಾರಿ ಇರುವುದರಿಂದಲೇ ಮಕ್ಕಳು ಮುಂದೆ ಬರುತ್ತಾರೆ.

ಚಿತ್ರಕ್ಕೆ ಸುಲಭದ ಆಟ ಒಂದಿದೆ. ಬ್ರಿಟಿಷ್ ಮಕ್ಕಳ ವೈದ್ಯ, ಮನೋವಿಶ್ಲೇಷಕ ಡೊನಾಲ್ಡ್ ವಿನ್ನಿಕಾಟ್ ತಮ್ಮಲ್ಲಿಗೆ ಬಂದ ಮಕ್ಕಳ ಜೊತೆ ಆಡುತ್ತಿದ್ದದ್ದು. ಒಬ್ಬರು ಕಾಗದದ ಮೇಲೆ ಯೋಚಿಸದೆ ಒಂದು ಗೀಚು ಎಳೆಯುತ್ತಾರೆ. ಇನ್ನೊಬ್ಬರು ಅದನ್ನು ಏನಾದರೂ ಒಂದು ಚಿತ್ರ ಮಾಡುತ್ತಾರೆ. ಆಮೇಲೆ ಸರದಿ ಬದಲು. ವಿನ್ನಿಕಾಟ್ ಅದನ್ನು ಮಗುವಿನ ಮನಸ್ಸು ತಿಳಿಯಲು ಬಳಸಿದರು. ನಿಮಗೆ ಆ ಕೆಲಸ ಬೇಡ, ಆಟ ಮಾತ್ರ ಸಾಕು. ‘ನನಗೆ ಚಿತ್ರ ಬರಲ್ಲ’ ಎನ್ನುವ ಮಗುವಿಗೆ ಖಾಲಿ ಹಾಳೆಯ ಭಯ ಇರುತ್ತದೆ. ಬೇರೆಯವರ ಗೀಚು ಮೊದಲೇ ಇದ್ದರೆ ಆ ಭಯ ಅರ್ಧ ಹೋಗುತ್ತದೆ. ಹಳೆಯ ಪೇಪರು ಕತ್ತರಿಸಿ ಅಂಟಿಸುವ ಕೊಲಾಜ್ ಕೂಡ ಇಂಥವರಿಗೆ ಹೇಳಿ ಮಾಡಿಸಿದ್ದು.

ನಾಟಕವನ್ನು ಸ್ವಲ್ಪ ತಡವಾಗಿ, ಗುಂಪಿನವರು ಒಬ್ಬರಿಗೊಬ್ಬರು ಒಗ್ಗಿದ ಮೇಲೆ ತನ್ನಿ. ಬ್ರೆಜಿಲ್‌ನ ರಂಗಕರ್ಮಿ ಆಗಸ್ಟೊ ಬೊವಾಲ್ ಕಟ್ಟಿದ ಫೋರಂ ಥಿಯೇಟರ್ ರೀತಿ ಈ ವಯಸ್ಸಿಗೆ ಚೆನ್ನಾಗಿ ಹೊಂದುತ್ತದೆ. ಅನ್ಯಾಯದ ಒಂದು ಚಿಕ್ಕ ದೃಶ್ಯ ಆಡುತ್ತಾರೆ. ಎರಡನೇ ಸಲ ಆಡುವಾಗ ನೋಡುವವರಲ್ಲಿ ಯಾರಾದರೂ ‘ನಿಲ್ಲಿಸಿ’ ಎಂದು ಎದ್ದು, ತೊಂದರೆಗೆ ಸಿಕ್ಕಿದವರ ಪಾತ್ರ ತಾವು ವಹಿಸಿ, ಬೇರೆ ರೀತಿ ನಡೆದುಕೊಂಡು ತೋರಿಸುತ್ತಾರೆ. ಒಂದು ಎಚ್ಚರಿಕೆ: ನಿಮ್ಮ ಶಾಲೆಯಲ್ಲೇ ನಡೆದ ಜಗಳವನ್ನು ಎತ್ತಿಕೊಳ್ಳಬೇಡಿ. ಕಾಡಿಸಿಕೊಂಡ ಮಗು ಅಲ್ಲೇ ಕೂತಿರಬಹುದು. ಕಾಡಿಸಿದ ಮಗುವೂ ಇರಬಹುದು.

ನಡೆಸುವ ರೀತಿಯ ಬಗ್ಗೆ ಕೆಲವು ಮಾತು. 8ರಿಂದ 10 ಮಕ್ಕಳು ಸಾಕು. ಅದೇ ಕೋಣೆ, ಅದೇ ಹೊತ್ತು ಇರಲಿ. ಪ್ರತಿ ಸಲ ಒಂದೇ ರೀತಿ ಶುರು, ಒಂದೇ ರೀತಿ ಮುಕ್ತಾಯ ಇರಲಿ. ಆತಂಕ ಇರುವ ಮಗುವಿಗೆ ಮುಂದೇನು ಎಂದು ಗೊತ್ತಿರುವುದೇ ಅರ್ಧ ಸಮಾಧಾನ. ಕೊನೆಯ 10 ನಿಮಿಷ ಹಗುರವಾದ ಆಟ ಅಥವಾ ತಾಳಕ್ಕೆ ಇಡಿ, ಯಾರೂ ಭಾರ ಹೊತ್ತು ಮುಂದಿನ ಕ್ಲಾಸಿಗೆ ಹೋಗಬಾರದು. ‘ಪಾಸ್’ ಎನ್ನುವ ಹಕ್ಕು ಎಲ್ಲರಿಗೂ ಇರಬೇಕು: ಓದಲ್ಲ, ತೋರಿಸಲ್ಲ, ಇವತ್ತು ಸುಮ್ನೆ ಕೂತಿರುತ್ತೇನೆ ಎನ್ನಬಹುದು. ಕಾರಣ ಕೇಳುವಂತಿಲ್ಲ. ಶಿಕ್ಷಕರಿಗೆ ಇದು ಬಹಳ ಕಷ್ಟ, ನನಗೆ ಗೊತ್ತು. ಸುಮ್ಮನೆ ಕೂತ ಮಗುವನ್ನು ಕಂಡರೆ ಕೈ ತುರಿಸುತ್ತದೆ. ನೀವೂ ಅವರ ಜೊತೆ ಕೂತು ಏನಾದರೂ ಮಾಡುತ್ತಿದ್ದರೆ ಸ್ವಲ್ಪ ಸುಲಭ.

ಮಕ್ಕಳು ಮಾಡಿದ್ದನ್ನು ನೋಡಿ ಏನು ಹೇಳಬೇಕು ಎನ್ನುವುದು ಇನ್ನೊಂದು ಸಮಸ್ಯೆ. ‘ತುಂಬ ಚೆನ್ನಾಗಿದೆ’ ಎಂದರೆ ಪಕ್ಕದವನಿಗೆ ತನ್ನದು ಚೆನ್ನಾಗಿಲ್ಲ ಎಂದು ಕೇಳಿಸುತ್ತದೆ. ಕಂಡದ್ದನ್ನು ಹೇಳಿ: ‘ಈ ಮೂಲೆ ಪೂರ್ತಿ ಖಾಲಿ ಬಿಟ್ಟಿದ್ದೀಯ.’ ‘ಇದರ ಬಗ್ಗೆ ಹೇಳ್ತೀಯಾ?’ ಅಷ್ಟು ಸಾಕು. ಅರ್ಥ ಹೇಳಲು ಮಾತ್ರ ಹೋಗಬೇಡಿ. ಕಪ್ಪು ಬಣ್ಣ ಅಂದರೆ ಖಿನ್ನತೆ, ಬೇರಿಲ್ಲದ ಮರ ಅಂದರೆ ಅಭದ್ರತೆ, ದೊಡ್ಡ ಕಣ್ಣು ಅಂದರೆ ಸಂಶಯ ಎಂಬ ಪಟ್ಟಿಗಳು ಎಲ್ಲೆಲ್ಲೂ ಓಡಾಡುತ್ತವೆ. ಹೀಗೆ ಒಂದೊಂದು ಗುರುತು ಹಿಡಿದು ಮನಸ್ಸು ಓದುವುದಕ್ಕೆ ಸಂಶೋಧನೆಯ ಬೆಂಬಲ ಇಲ್ಲ. ಕಪ್ಪು ಕ್ರೇಯಾನ್ ಒಂದೇ ಉಳಿದಿರಬಹುದು.

ಈಗ ಮೊದಲು ಹೇಳಿದ ಮೂರು ಬದಲಾವಣೆಗಳಿಗೆ ಬರೋಣ. ಹೆಸರಿನದು ಚಿಕ್ಕ ವಿಷಯ. ‘ಮಾನಸಿಕ ಆರೋಗ್ಯ ಬಳಗ’ ಎಂದರೆ ಅಲ್ಲಿಗೆ ಹೋಗುವುದೇ ಒಂದು ಹಣೆಪಟ್ಟಿ. ಮಕ್ಕಳೇ ಹೆಸರಿಡಲಿ. ಆಯ್ಕೆಯ ವಿಷಯ ಹಾಗಲ್ಲ. ತೊಂದರೆ ಇರುವ ಮಕ್ಕಳನ್ನಷ್ಟೇ ಹೆಕ್ಕಿ ಒಂದು ಕಡೆ ಕೂರಿಸುವುದು ಅಪಾಯ. ಪುಂಡಾಟದ ಹುಡುಗರನ್ನು ಮಾತ್ರ ಸೇರಿಸಿ ಸುಧಾರಿಸಲು ಹೋದ ಕೆಲವು ಕಾರ್ಯಕ್ರಮಗಳಲ್ಲಿ ಅವರ ಪುಂಡಾಟ ಇನ್ನೂ ಬೆಳೆಯಿತು ಎಂದು ಥಾಮಸ್ ಡಿಷನ್ ಮತ್ತು ಜೊತೆಗಾರರು 1999ರಲ್ಲಿ ತೋರಿಸಿದರು. ಒಬ್ಬರ ನಗುವೇ ಇನ್ನೊಬ್ಬರಿಗೆ ಬಹುಮಾನ ಆಗಿತ್ತು. ಹಾಗಾಗಿ ಗುಂಪು ಎಲ್ಲರಿಗೂ ತೆರೆದಿರಲಿ. ನಿಮಗೆ ಚಿಂತೆ ಇರುವ ಎರಡು ಮೂರು ಮಕ್ಕಳನ್ನು ಮಾತ್ರ ಪಕ್ಕಕ್ಕೆ ಕರೆದು ‘ನೀನೂ ಬಾ’ ಎನ್ನಿ. ಬರಲೇಬೇಕು ಎನ್ನಬೇಡಿ. ಹೆಚ್ಚಿನ ಮಕ್ಕಳು ಆರೋಗ್ಯವಾಗಿಯೇ ಇದ್ದಾರೆ ಎಂದೆನಲ್ಲ, ಅವರು ಗುಂಪಿನಲ್ಲಿ ಇರುವುದು ಉಳಿದವರಿಗೆ ಬೇಕು.

ಬಹುಮಾನದ ಬಗ್ಗೆ ಹೆಡ್ ಮಾಸ್ಟರ್ ವಾದ ಮಾಡಿದರೆ ಈ ಪ್ರಯೋಗ ಹೇಳಿ. 1973ರಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದು ಇಷ್ಟ ಇರುವ 3ರಿಂದ 5 ವರ್ಷದ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಚಿತ್ರ ಬಿಡಿಸಿದರೆ ಬಹುಮಾನದ ಪತ್ರ ಸಿಗುತ್ತದೆ’ ಎಂದು ಮೊದಲೇ ಹೇಳಿದರು. ಒಂದೆರಡು ವಾರದ ನಂತರ, ಬಿಡುವಿನ ಹೊತ್ತಿನಲ್ಲಿ, ಆ ಮಕ್ಕಳೇ ಉಳಿದವರಿಗಿಂತ ಕಡಿಮೆ ಚಿತ್ರ ಬಿಡಿಸುತ್ತಿದ್ದರು. ಆಟ ಕೂಲಿ ಕೆಲಸವಾಗಿತ್ತು. ನಿಮ್ಮ ಮಕ್ಕಳು ದೊಡ್ಡವರು, ನಿಜ. ಆದರೆ ಅಂಕ, ರ‍್ಯಾಂಕ್, ಹೋಲಿಕೆಯಲ್ಲೇ ಅವರ ದಿನ ಕಳೆಯುತ್ತದೆ. ವಾರದಲ್ಲಿ ಒಂದು ಗಂಟೆ ಅದಿಲ್ಲದೆ ಇರಲಿ. ಪ್ರದರ್ಶನ ಬೇಕೇ ಬೇಕು ಎಂದರೆ ಹೆಸರಿಲ್ಲದೆ, ಎಲ್ಲರೂ ಸೇರಿ ಮಾಡಿದ ಒಂದು ಗೋಡೆಚಿತ್ರ ಇಡಿ. ಯಾರ ಕೆಲಸವನ್ನೂ ಅವರ ಒಪ್ಪಿಗೆ ಇಲ್ಲದೆ ತೋರಿಸಬೇಡಿ. ಫೋಟೋ ತೆಗೆದು ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕುವುದಂತೂ ಬೇಡವೇ ಬೇಡ.

ಭಯ ಹುಟ್ಟಿಸುವಂಥದ್ದು ಬರೆದರೆ? ಇದಕ್ಕೆ ತಯಾರಿ ಮೊದಲ ದಿನವೇ ಆಗಬೇಕು. ಮಕ್ಕಳಿಗೆ ನೇರವಾಗಿ ಹೇಳಿ: ‘ಇಲ್ಲಿನದು ಇಲ್ಲೇ ಇರುತ್ತದೆ. ಆದರೆ ಯಾರಾದರೂ ತಮಗೆ ಅಪಾಯ ಮಾಡಿಕೊಳ್ಳುತ್ತಾರೆ, ಅಥವಾ ಬೇರೆಯವರಿಂದ ಯಾರಿಗಾದರೂ ಅಪಾಯ ಇದೆ ಎನಿಸಿದರೆ ನಾನು ಸಹಾಯ ಮಾಡಬಲ್ಲವರಿಗೆ ಹೇಳಲೇಬೇಕು.’ ‘ಯಾರಿಗೂ ಹೇಳಲ್ಲ’ ಎಂದು ಯಾವತ್ತೂ ಮಾತು ಕೊಡಬೇಡಿ.

ಕತೆಯಲ್ಲಿ ಸಾವು ಬಂದ ಕೂಡಲೇ ಗಾಬರಿ ಬೇಡ. ಈ ವಯಸ್ಸಿನವರು ಸಾವಿನ ಬಗ್ಗೆ ಧಾರಾಳವಾಗಿ ಬರೆಯುತ್ತಾರೆ. ಆದರೆ ಅದೇ ವಿಷಯ ಪದೇ ಪದೇ ಬಂದರೆ, ‘ನಾನು’ ಎಂದೇ ಬರೆದಿದ್ದರೆ, ಹೇಗೆ ಯಾವಾಗ ಎಂಬ ವಿವರ ಇದ್ದರೆ, ಇಷ್ಟದ ವಸ್ತುಗಳನ್ನು ಹಂಚುತ್ತಿದ್ದರೆ, ಮೈಮೇಲೆ ಗಾಯ ಕಂಡರೆ, ಅದೇ ದಿನ ಮಾತಾಡಿ. ಗುಂಪಿನ ಎದುರು ಬೇಡ, ಮುಗಿದ ಮೇಲೆ, ಒಬ್ಬರನ್ನೇ ಕರೆದು. ಇಲ್ಲಿ ಮಾತ್ರ ಕೊಡೆಯ ಭಾಷೆ ಬಿಟ್ಟು ನೇರವಾಗಿ ಕೇಳಿ: ‘ನೀನು ಬರೆದದ್ದು ಓದಿದೆ. ಸಾಯಬೇಕು ಅನ್ನೋ ಯೋಚನೆ ನಿನಗೆ ಬರುತ್ತಾ?’ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದಂತೆ ಎಂದು ಹೆಚ್ಚಿನವರು ಹೆದರುತ್ತಾರೆ. ಈ ಬಗ್ಗೆ ನಡೆದ ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2014ರ ವಿಮರ್ಶೆಯಲ್ಲಿ, ಕೇಳುವುದರಿಂದ ಅಂಥ ಯೋಚನೆ ಹೆಚ್ಚುವುದು ಕಾಣಲಿಲ್ಲ. ಎಷ್ಟೋ ಮಕ್ಕಳಿಗೆ ಯಾರಾದರೂ ಕೇಳಿದರಲ್ಲ ಎಂದು ನಿರಾಳ ಆಗುತ್ತದೆ.

‘ಹೌದು’ ಎಂದರೆ ಬೈಯಬೇಡಿ, ಉಪದೇಶ ಬೇಡ, ‘ಅಪ್ಪ ಅಮ್ಮನ ಬಗ್ಗೆ ಯೋಚಿಸು’ ಎನ್ನುವುದೂ ಬೇಡ. ‘ಹೇಳಿದ್ದು ಒಳ್ಳೆಯದಾಯಿತು. ಈಗ ನಾವಿಬ್ಬರೂ ಸೇರಿ ಇನ್ನೊಬ್ಬರಿಗೆ ಹೇಳೋಣ’ ಎನ್ನಿ. ಆ ಹೊತ್ತಿನಲ್ಲಿ ಮಗುವನ್ನು ಒಂಟಿಯಾಗಿ ಬಿಡಬೇಡಿ. ಕೌನ್ಸೆಲರ್ ಅಥವಾ ಈ ಜವಾಬ್ದಾರಿ ಹೊತ್ತವರಿಗೆ ಅವತ್ತೇ ತಿಳಿಸಿ, ವೈದ್ಯರವರೆಗೆ ತಲುಪಿತೇ ಎಂದು ವಿಚಾರಿಸಿ. ಮನೆಯವರಿಗೂ ಹೇಳಬೇಕು. ಆದರೆ ಅಪಾಯ ಮನೆಯಲ್ಲೇ ಇರುವ ಸುಳಿವಿದ್ದರೆ ಮೊದಲು ಮಕ್ಕಳ ರಕ್ಷಣೆಯವರ ಸಲಹೆ ಕೇಳಿ. ಮಗು ಬರೆದ ಹಾಳೆಯನ್ನು ಜೋಪಾನವಾಗಿ ಇಡಿ, ಸ್ಟಾಫ್ ರೂಮಿನಲ್ಲಿ ಕೈಯಿಂದ ಕೈಗೆ ದಾಟಿಸಬೇಡಿ. ಯಾರಿಗೆ ಹೇಳುವುದು, ಅವರಿಲ್ಲದ ದಿನ ಯಾರಿಗೆ, ಫೋನ್ ನಂಬರ್ ಏನು, ಇದೆಲ್ಲ ಗುಂಪು ಶುರುವಾಗುವ ಮೊದಲೇ ಬರೆದು ಇಟ್ಟುಕೊಳ್ಳಿ. ಹೆಡ್ ಮಾಸ್ಟರ್ ಇದನ್ನು ಮಾಡಿಕೊಡದಿದ್ದರೆ ಗುಂಪು ಶುರು ಮಾಡಬೇಡಿ ಎನ್ನುತ್ತೇನೆ. ನಾನು ಎಲ್ಲಕ್ಕಿಂತ ಗಟ್ಟಿಯಾಗಿ ಹಿಡಿಯುವ ಷರತ್ತು ಇದು.

ಜೊತೆಗೆ ಇನ್ನೊಬ್ಬ ಶಿಕ್ಷಕರು ಕೋಣೆಯಲ್ಲಿರಲಿ. ಒಂದು ಮಗು ಅಳುತ್ತಾ ಹೊರಗೆ ಹೋದರೆ ಒಬ್ಬರು ಹಿಂದೆ ಹೋಗಬೇಕು, ಒಬ್ಬರು ಉಳಿಯಬೇಕು. ಮುಗಿದ ಮೇಲೆ ಇಬ್ಬರೂ ಹತ್ತು ನಿಮಿಷ ಕೂತು ಮಾತಾಡಿಕೊಂಡರೆ ನಿಮ್ಮ ತಲೆಯ ಭಾರವೂ ಮನೆಗೆ ಬರುವುದಿಲ್ಲ.

ಉಪಯೋಗ ಆಯಿತೋ ಇಲ್ಲವೋ ಎಂದು ತೋರಿಸಲು ಅಂಕಿ ಬೇಕು ಎಂದು ಆಡಳಿತದವರು ಕೇಳಿಯೇ ಕೇಳುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ 5 ಪ್ರಶ್ನೆಗಳ ಚಿಕ್ಕ ಪ್ರಶ್ನಾವಳಿ 1998ರಿಂದ ಬಳಕೆಯಲ್ಲಿದೆ. ಕಳೆದ ಎರಡು ವಾರ ಮನಸ್ಸು ಹೇಗಿತ್ತು ಎಂದು ಕೇಳುತ್ತದೆ, ಎರಡು ನಿಮಿಷದ ಕೆಲಸ. ಆದರೆ ಕೇಳಿದ ಮೇಲೆ, ತೀರಾ ಕಡಿಮೆ ಅಂಕ ಬಂದ ಮಗುವನ್ನು ಯಾರಾದರೂ ಮಾತಾಡಿಸಲೇಬೇಕು. ಅದಕ್ಕೆ ಜನ ಇಲ್ಲದಿದ್ದರೆ ಕೇಳಲೇಬೇಡಿ. ಹಾಜರಿ ನೋಡಿ, ‘ಪಾಸ್’ ಎನ್ನುತ್ತಿದ್ದವರು ಯಾವಾಗ ನಿಲ್ಲಿಸಿದರು ನೋಡಿ, ಬಿಡುವಿನಲ್ಲಿ ಒಂಟಿಯಾಗಿರುತ್ತಿದ್ದವರ ಪಕ್ಕ ಈಗ ಯಾರಾದರೂ ಇದ್ದಾರಾ ನೋಡಿ. ಒಂದು ಟರ್ಮಿಗೆ ಅಷ್ಟು ಸಾಕು.

ಪರೀಕ್ಷೆ ಹತ್ತಿರ ಇರುವಾಗ ಶುರು ಮಾಡಬೇಡಿ. ಎರಡು ವಾರ ನಡೆದು ನಿಂತುಹೋದರೆ, ಯಾರೂ ಉಳಿಯುವುದಿಲ್ಲ ಎಂದು ಮೊದಲೇ ನಂಬಿದ ಮಗುವಿಗೆ ಅದು ಇನ್ನೊಂದು ಸಾಕ್ಷಿ. 10 ವಾರದ ಗುಂಪು ಎಂದು ಮೊದಲೇ ಹೇಳಿ, ಕೊನೆಯ ದಿನ ಯಾವುದು ಎಂದೂ ಹೇಳಿ. ಆ ದಿನ ಪ್ರತಿಯೊಬ್ಬರ ಹಾಳೆಗಳನ್ನು ಅವರವರಿಗೆ ವಾಪಸ್ ಕೊಟ್ಟುಬಿಡಿ. ಮುಂದುವರಿಸಬೇಕಾ, ಹೊಸಬರನ್ನು ಸೇರಿಸಬೇಕಾ ಎನ್ನುವುದನ್ನು ಆಗ ಮಕ್ಕಳನ್ನೇ ಕೇಳಿ ತೀರ್ಮಾನಿಸಿ.